ಹಳೆಯ ಫಿಯೆಟ್ ಕಾರಿಗೆ ಸಣ್ಣ ಗಾಲಿ: ಒಂದು ವಿವೇಚನೆ

ಕುಷ್ಟಗಿ, ಯಲಬುರ್ಗಾ ಭಾಗದ ಎರಿಹೊಲಗಳಲ್ಲಿ ದುಡಿದ ಹಿಂದಿನ ಕಾಲದ ಬಂಡಿಗಳನ್ನು ಕಂಡವರಿಗೆ ಅವುಗಳ ಗಾಲಿಯ ಎತ್ತರ ನೆನಪಿರಲೇಬೇಕು. ದೊಡ್ಡವರ ಎದೆಮಟ್ಟಕ್ಕೆ ಬರುವ ಆ ಕಟ್ಟಿಗೆಯ ಗಾಲಿಯನ್ನು ನಮ್ಮ ಬಡಿಗರು ಅಂದಕ್ಕಾಗಿ ಮಾಡಿದವರಲ್ಲ. ಗಾಲಿ ದೊಡ್ಡದಾದಷ್ಟೂ ಎದುರಿಗೆ ಬಂದ ಕಲ್ಲನ್ನು ಏರುವುದು ಸುಲಭ. ಹಸಿಯಾದ ಎರಿಯಲ್ಲಿ ಹೂತುಹೋಗುವುದೂ ಕಡಿಮೆ. ಎತ್ತುಗಳಿಗೆ ಎಳೆತದ ಶ್ರಮವೂ ಅಷ್ಟರಮಟ್ಟಿಗೆ ಹಗುರ. ಮುಂದೆ ಗಾಳಿ ತುಂಬಿದ ಟೈರಿನ ಬಂಡಿ ಬಂದಾಗ ಗಾಲಿ ಗಿಡ್ಡಾಯಿತು. ಆದರೆ ಟೈರಿನ ಅಗಲವೂ ಅದರೊಳಗಿನ ಗಾಳಿಯೂ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದವು. ಗಾಲಿಯನ್ನು ಚಿಕ್ಕದು ಮಾಡುವವನು ಅದರ ಬದಲಿಗೆ ಬೇರೆ ಏನನ್ನು ಕೊಡುತ್ತಿದ್ದೇನೆ ಎಂದು ಲೆಕ್ಕ ಹಾಕಬೇಕೆಂಬುದು ಇಲ್ಲಿಯೇ ಗೋಚರವಾಗುತ್ತದೆ.

ಈ ಪೀಠಿಕೆಗೆ ಕಾರಣವಿದೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರ ಮನೆಗಳಲ್ಲಿ ಇಂದಿಗೂ ಫಿಯೆಟ್ ಕಾರುಗಳಿವೆ. ಗಂಗಾವತಿಯಲ್ಲಿ ಭತ್ತದ ವ್ಯಾಪಾರ ಮಾಡಿದ ತಂದೆಯವರು ಕೊಂಡದ್ದು, ಕೊಪ್ಪಳದಲ್ಲಿ ವೈದ್ಯರಾಗಿದ್ದ ದೊಡ್ಡಪ್ಪನವರು ಬಳಸಿದ್ದು ಎಂದು ಅವನ್ನು ಮಾರದೆ ಉಳಿಸಿಕೊಂಡವರು ಅವರು. ಅಂಥವರು ಭೇಟಿಯಾದಾಗಲೆಲ್ಲ, ವಿಜ್ಞಾನ ಕಲಿಸಿದ ಮಾಸ್ತರನೆಂಬ ಸಲಿಗೆಯಿಂದ, ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: "ಸರ, ಹದಿನಾಲ್ಕರ ಟೈರು ಸಿಗವಲ್ದು. ಹದಿಮೂರರ ಗಾಲಿ ಹಾಕಿದ್ರ ನಡೀತೈತೇನ್ರಿ?" ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಒಂದು ಮಾತಿನ ಉತ್ತರ ಸಲ್ಲದು.

ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ಇಟಲಿಯ ಫಿಯೆಟ್ ಕಂಪನಿಯ ಪರವಾನಗಿಯಿಂದ 1100 ಮಾದರಿಯ ಕಾರುಗಳನ್ನು ತಯಾರಿಸುತ್ತಿತ್ತು. 1964ರಲ್ಲಿ 1100 ಡಿ ಬಂದಿತು. ಅದೇ ಕಾರು 1974ರಿಂದ ಪ್ರೀಮಿಯರ್ ಪದ್ಮಿನಿ ಎಂಬ ಹೆಸರನ್ನು ಹೊತ್ತು, ಸುಮಾರು 2000ನೆಯ ಇಸವಿಯವರೆಗೆ ತಯಾರಾಯಿತು. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಫಿಯೆಟ್ಟಾಗಿಯೇ ಉಳಿಯಿತು. 1089 ಘನ ಸೆಂಟಿಮೀಟರಿನ ಎಂಜಿನ್, ಸ್ಟೇರಿಂಗಿನ ಮಗ್ಗುಲಲ್ಲಿ ಗೇರಿನ ಕೋಲು, ಹಿಂದಿನ ಗಾಲಿಗಳಿಗೆ ಚಾಲನೆ, ಮತ್ತು 5.20–14 ಅಳತೆಯ ಟೈರು. ಆ ಅಳತೆಯ ಟೈರು ಒಂದು ಕಾಲಕ್ಕೆ ಎಲ್ಲೆಡೆಯೂ ದೊರೆಯುತ್ತಿತ್ತು. ಈಗ ಹುಡುಕಿ ತರಿಸಬೇಕು. 13 ಇಂಚಿನ ಟೈರಾದರೋ ಇತ್ತೀಚಿನ ಅನೇಕ ಚಿಕ್ಕ ಕಾರುಗಳಿಗೆ ಬೇಕಾದ್ದರಿಂದ ಸುಲಭವಾಗಿ ಸಿಗುತ್ತದೆ. ಆಸೆ ಹುಟ್ಟುವುದು ಇಲ್ಲಿ.

ಮೊದಲು ಟೈರಿನ ಮೇಲಿನ ಅಂಕಿಗಳನ್ನು ಓದಲು ಕಲಿಯಬೇಕು. 5.20–14 ಎಂಬಲ್ಲಿ 5.20 ಎಂಬುದು ಟೈರಿನ ಅಗಲ, 14 ಎಂಬುದು ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ. ಹೊಸ ಕ್ರಮದ 155/80 ಆರ್ 13 ಎಂಬ ಬರಹದಲ್ಲಿ 155 ಎಂಬುದು ಮಿಲಿಮೀಟರಿನಲ್ಲಿ ಅಗಲ. 80 ಎಂದರೆ ಟೈರಿನ ಪಕ್ಕದ ಗೋಡೆ ಅಗಲದ ಶೇಕಡಾ 80ರಷ್ಟು ಎತ್ತರವಾಗಿದೆ ಎಂದು. ಆರ್ ಎಂದರೆ ರೇಡಿಯಲ್. 13 ಎಂಬುದು ಇಂಚಿನಲ್ಲಿ ರಿಮ್ಮು. ರಿಮ್ಮಿನ ವ್ಯಾಸಕ್ಕೆ ಗೋಡೆಯ ಎತ್ತರವನ್ನು ಎರಡು ಸಲ ಕೂಡಿಸಿದರೆ ಗಾಲಿಯ ಹೊರವ್ಯಾಸ ದೊರೆಯುತ್ತದೆ. ಹಳೆಯ 5.20–14 ಟೈರಿನ ಹೊರವ್ಯಾಸ ಸುಮಾರು 610 ಮಿ.ಮೀ. 165/80 ಆರ್ 13 ಆದರೆ 594. 155/80 ಆರ್ 13 ಆದರೆ 578. 155/65 ಆರ್ 13 ಆದರೆ 532. ರಿಮ್ಮು ಮೂರರಲ್ಲೂ 13 ಇಂಚೇ. ಆದರೆ ಮೊದಲನೆಯದು ಮೂಲದ ಗಾಲಿಗಿಂತ ಶೇ. 2.6ರಷ್ಟು ಮಾತ್ರ ಚಿಕ್ಕದು, ಕೊನೆಯದು ಹೆಚ್ಚುಕಡಿಮೆ ಶೇ. 13ರಷ್ಟು ಚಿಕ್ಕದು. ಆದ್ದರಿಂದ ಹದಿಮೂರು ಹಾಕಬಹುದೇ ಎಂಬ ಪ್ರಶ್ನೆಯೇ ಅಪೂರ್ಣ. ಹೊರವ್ಯಾಸ ಎಷ್ಟಾಗುತ್ತದೆ ಎಂದು ಕೇಳಬೇಕು. ವ್ಯತ್ಯಾಸ ಶೇ. 3ರೊಳಗಿರಲಿ ಎಂಬುದು ಈ ಕಸಬಿನಲ್ಲಿ ಸಾಮಾನ್ಯವಾಗಿ ಪಾಲಿಸುವ ಮಿತಿ.

ಇದನ್ನು ನಾನು ಪುಸ್ತಕ ಓದಿ ಕಲಿತವನಲ್ಲ, ನಷ್ಟಪಟ್ಟು ಕಲಿತವನು. ನನ್ನ ಬಳಿ ಇರುವುದು 1986ರ ಪದ್ಮಿನಿ. ಟೈರುಗಳ ಗೋಡೆ ಸೀಳಿದಾಗ, ಪರವೂರಿನ ಅಂಗಡಿಯೊಂದರಲ್ಲಿ ಹೊಳೆಯುವ 13 ಇಂಚಿನ ರಿಮ್ಮುಗಳನ್ನು ತೋರಿಸಿ, ಗಿಡ್ಡ ಗೋಡೆಯ 155/65 ಟೈರುಗಳನ್ನು ಹಾಕಿಕೊಟ್ಟರು. ಕಾರು ನೋಡಲು ಸೊಗಸಾಗಿತ್ತು, ಸುಳ್ಳೇಕೆ ಹೇಳಲಿ. ಮುಂದಿನ ತಿಂಗಳು ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದಕ್ಕೆ ಮದುವೆಗೆಂದು ಏಳು ಜನ ಅದರಲ್ಲಿ ಹೊರಟೆವು. ಇಬ್ಬರು ಎಪ್ಪತ್ತು ದಾಟಿದವರು. ಊರ ಹತ್ತಿರದ ಕಚ್ಚಾ ರಸ್ತೆಯಲ್ಲಿ ಟ್ರ್ಯಾಕ್ಟರಿನ ಗಾಲಿಗಳು ಎರಡು ಆಳವಾದ ಜಾಡು ಕೊರೆದಿದ್ದವು, ನಡುವೆ ದಿಬ್ಬ. ಹಿಂದಿನ ವರ್ಷ ಅದೇ ದಾರಿಯಲ್ಲಿ ಅದೇ ಕಾರು ನಿರಾತಂಕವಾಗಿ ಹೋಗಿತ್ತು. ಈ ಸಲ ಕೆಳಗೆ ಕಲ್ಲು ಬಡಿದ ಸದ್ದಾಯಿತು. ಒಂದು ಫರ್ಲಾಂಗು ಹೋಗುವುದರೊಳಗೆ ಎಣ್ಣೆಯ ಒತ್ತಡದ ಕೆಂಪು ದೀಪ ಹತ್ತಿತು. ಇಳಿದು ನೋಡಿದರೆ ಎಂಜಿನ್ನಿನ ತಳದ ಚೇಂಬರು ಸೀಳಿ, ಎಣ್ಣೆಯೆಲ್ಲ ದಾರಿಯುದ್ದಕ್ಕೂ ಸುರಿದಿತ್ತು. ಆ ದೀಪವನ್ನು ಗಮನಿಸದೆ ಇನ್ನೆರಡು ಮೈಲಿ ಓಡಿಸಿದ್ದರೆ ಎಂಜಿನ್ನು ಹಿಡಿದುಕೊಂಡುಬಿಡುತ್ತಿತ್ತು. ಹಿರಿಯರನ್ನು ಎತ್ತಿನ ಬಂಡಿಯಲ್ಲಿ ಕರೆದೊಯ್ದರು. ಅದರ ಗಾಲಿ ನನ್ನ ಕಾರಿನದಕ್ಕಿಂತ ಎಷ್ಟು ದೊಡ್ಡದೆಂಬುದನ್ನು ಹಿಂದೆ ನಡೆಯುತ್ತ ನೋಡುವ ಅವಕಾಶ ನನಗೆ ಸಾಕಷ್ಟು ಸಿಕ್ಕಿತು.

ಕಾರಣ ಸರಳವಾದುದು. ಹೊರವ್ಯಾಸ 78 ಮಿ.ಮೀ. ಕಡಿಮೆಯಾದರೆ ಅಚ್ಚು ಅದರ ಅರ್ಧದಷ್ಟು, ಅಂದರೆ 39 ಮಿ.ಮೀ. ಕೆಳಗಿಳಿಯುತ್ತದೆ, ಅದರೊಡನೆ ಕಾರಿನ ಹೊಟ್ಟೆಯೂ ಇಳಿಯುತ್ತದೆ. ಏಳು ಜನರ ಭಾರಕ್ಕೆ ಪಟ್ಟಿಗಳು ಬಗ್ಗಿದ್ದು ಬೇರೆ. ಕಲ್ಲನ್ನು ಏರುವ ಶಕ್ತಿಯನ್ನೂ ಲೆಕ್ಕ ಹಾಕಬಹುದು. ಟೈರು ಅದುಮುವುದಿಲ್ಲವೆಂದು ಭಾವಿಸಿ, 5 ಸೆಂ.ಮೀ. ಎತ್ತರದ ಕಲ್ಲಿನ ಮೇಲೆ ಗಾಲಿಯನ್ನು ಹತ್ತಿಸಲು ಅಡ್ಡವಾಗಿ ಎಳೆಯಬೇಕಾದ ಬಲವನ್ನು ಪ್ರೌಢಶಾಲೆಯ ಸನ್ನೆಯ ಪಾಠದಿಂದಲೇ ತೆಗೆದರೆ, 610ರ ಗಾಲಿಗಿಂತ 532ರ ಗಾಲಿಗೆ ಶೇ. 10ರಷ್ಟು ಹೆಚ್ಚು ಬಲ ಬೇಕು. ಆ ಹೆಚ್ಚಿನ ಬಲವೇ ಪೆಟ್ಟಾಗಿ ಸ್ಟೇರಿಂಗಿಗೂ ಬೇರಿಂಗಿಗೂ ಕೂತವರ ಬೆನ್ನಿಗೂ ತಲುಪುತ್ತದೆ. ಕೊಪ್ಪಳದ ಮೂಲಕ ಹೋಗುವ 67ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಕುಷ್ಟಗಿಯ ಮೂಲಕ ಹೋಗುವ 50ನೆಯ ಹೆದ್ದಾರಿಯಲ್ಲಿ ಇದು ಅನುಭವಕ್ಕೆ ಬರಲಾರದು. ಹೆದ್ದಾರಿಯಿಂದ ಹಳ್ಳಿಯ ಕಡೆಗೆ ತಿರುಗಿದ ಮೇಲೆ ತಿಳಿಯುತ್ತದೆ. ಗಂಗಾವತಿಯ ಕಡೆಯಂತೂ, ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಆರಂಭವಾಯಿತೆಂದರೆ, ಕೆಸರುಗದ್ದೆಗೆ ಮೀಸಲಾದ ಕಬ್ಬಿಣದ ಕೇಜ್‌ವೀಲ್ ಸಮೇತ ಟ್ರ್ಯಾಕ್ಟರುಗಳು ಡಾಂಬರು ರಸ್ತೆಗೇ ಇಳಿಯುತ್ತವೆ. ಅವು ಕೆತ್ತಿಹೋದ ರಸ್ತೆಯ ಮೇಲೆ ಗಿಡ್ಡ ಗೋಡೆಯ ಟೈರು ಎಷ್ಟು ದಿನ ಬಾಳೀತು?

ಚೇಂಬರು ದುರಸ್ತಿಯಾದ ಬಳಿಕ, ಶಾಲೆಯ ಅಂಗಳದಲ್ಲಿ ಹತ್ತನೆಯ ತರಗತಿಯ ಮಕ್ಕಳನ್ನು ಕೂಡಿಸಿಕೊಂಡು ಒಂದು ಪ್ರಯೋಗ ಮಾಡಿದೆ. ಟೈರಿನ ಮೇಲೂ ನೆಲದ ಮೇಲೂ ಸೀಮೆಸುಣ್ಣದಿಂದ ಗೆರೆ ಎಳೆದು, ಗಾಲಿ ಹತ್ತು ಸುತ್ತು ಉರುಳುವಷ್ಟು ದೂರ ಕಾರನ್ನು ನೂಕಿ, ಟೇಪಿನಿಂದ ಅಳೆಯುವುದು. ಲೆಕ್ಕದ ಪ್ರಕಾರ 610ರ ಗಾಲಿ ಒಂದು ಕಿಲೊಮೀಟರಿಗೆ 522 ಸುತ್ತು, 532ರ ಗಾಲಿ 598 ಸುತ್ತು ತಿರುಗಬೇಕು. ಭಾರಕ್ಕೆ ಟೈರು ತುಸು ತಗ್ಗುವುದರಿಂದ ಅಳತೆಯಲ್ಲಿ ಬಂದ ದೂರ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯೇ ಬಂದಿತು. ಹೀಗೆ ಕಡಿಮೆ ಬರುವುದೇಕೆಂದು ಒಬ್ಬ ಹುಡುಗಿ ಕೇಳಿದ್ದು ನನಗೆ ಆ ದಿನದ ದೊಡ್ಡ ಸಂತೋಷ.

ಕಾರಿನ ವೇಗಮಾಪಕವು ದಾರಿಯನ್ನು ನೋಡುವುದಿಲ್ಲ. ಗೇರ್‌ಬಾಕ್ಸಿನ ಸುತ್ತುಗಳನ್ನು ಎಣಿಸುತ್ತದೆ. ಗಾಲಿ ಚಿಕ್ಕದಾದುದು ಅದಕ್ಕೆ ತಿಳಿಯದು. ಆದ್ದರಿಂದ 155/65 ಟೈರಿನಲ್ಲಿ ಮುಳ್ಳು 60 ತೋರಿಸುವಾಗ ಕಾರು ನಿಜವಾಗಿ ಓಡುವುದು 52ರಲ್ಲಿ. 155/80ರಲ್ಲಾದರೆ ಸುಮಾರು 57ರಲ್ಲಿ. ಹತ್ತು ಕಿಲೊಮೀಟರು ಕ್ರಮಿಸುವಷ್ಟರಲ್ಲಿ ಮೀಟರು ಹನ್ನೊಂದೂವರೆ ತೋರಿಸುತ್ತದೆ. ಇದರಿಂದ ಹುಟ್ಟುವ ಭ್ರಮೆಯೊಂದನ್ನು ಹೇಳಲೇಬೇಕು. ಲೀಟರಿಗೆ 12 ಕಿಲೊಮೀಟರು ಕೊಡುತ್ತಿದ್ದ ಕಾರು, ಗಾಲಿ ಬದಲಿಸಿದ ಮೇಲೆ ಹದಿನಾಲ್ಕರ ಹತ್ತಿರ ಕೊಡುತ್ತಿದೆ ಎಂದು ಮಾಲೀಕರು ಹಿಗ್ಗುತ್ತಾರೆ. ಪೆಟ್ರೋಲು ಉಳಿದಿಲ್ಲ, ಮೀಟರು ದೂರವನ್ನು ಉಬ್ಬಿಸಿದೆ, ಅಷ್ಟೆ. ನಾನೂ ಎರಡು ವಾರ ಹಿಗ್ಗಿದವನೇ.

ಲಾಭವೇನೂ ಇಲ್ಲವೆಂದಲ್ಲ. ಚಿಕ್ಕ ಗಾಲಿಯಿಂದ ಎಳೆತ ಹೆಚ್ಚುತ್ತದೆ. ಏರಿನಲ್ಲಿ ಗೇರು ಇಳಿಸುವ ಪ್ರಸಂಗ ಕಡಿಮೆಯಾಗುತ್ತದೆ. ಕಾರು ನೆಲಕ್ಕೆ ಹತ್ತಿರವಾದುದರಿಂದ ತಿರುವಿನಲ್ಲಿ ಓಲಾಟವೂ ತುಸು ಕಡಿಮೆ. ಆದರೆ ಅದೇ ವೇಗಕ್ಕೆ ಎಂಜಿನ್ನು ಶೇ. 15ರಷ್ಟು ಹೆಚ್ಚು ತಿರುಗಬೇಕು. ವಯಸ್ಸಾದ ಎಂಜಿನ್ನಿಗೆ, ಅದರಲ್ಲೂ ಬೇಸಿಗೆಯ ಹೆದ್ದಾರಿಯಲ್ಲಿ, ಇದು ಸಣ್ಣ ಹೊರೆಯಲ್ಲ.

ಚಿಕ್ಕ ಗಾಲಿಯೇ ತಪ್ಪೆಂದೂ ತಿಳಿಯಬಾರದು. 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮಿನಿ ಎಂಬ ಪ್ರಸಿದ್ಧ ಕಾರಿಗೆ, ಅದರ ನಿರ್ಮಾತೃ ಅಲೆಕ್ ಇಸಿಗೋನಿಸ್ ಅವರು 10 ಇಂಚಿನ ರಿಮ್ಮನ್ನು ಆರಿಸಿದರು. ನಮ್ಮ ಬಜಾಜ್ ಚೇತಕ್ ಸ್ಕೂಟರಿನ ರಿಮ್ಮಿನಷ್ಟೇ! ಮೂರು ಮೀಟರಿಗಿಂತ ತುಸುವೇ ಉದ್ದದ ಕಾರಿನಲ್ಲಿ ಗಾಲಿಯ ಜಾಗ ಉಳಿದಷ್ಟೂ ಮನುಷ್ಯರಿಗೆ ದಕ್ಕುತ್ತದೆಂಬುದು ಅವರ ಎಣಿಕೆ. ಆದರೆ ಅಲ್ಲಿ ಗೇರು, ಬ್ರೇಕು, ಸಸ್ಪೆನ್ಷನ್ ಎಲ್ಲವೂ ಆ ಗಾಲಿಗೆ ತಕ್ಕಂತೆಯೇ ರೂಪುಗೊಂಡಿದ್ದವು. 1984ರಲ್ಲಿ ಮುಂದಿನ ಬ್ರೇಕಿನ ತಟ್ಟೆ 8.4 ಇಂಚಿಗೆ ಹಿಗ್ಗಿದಾಗ ರಿಮ್ಮನ್ನೂ 12 ಇಂಚಿಗೆ ಏರಿಸಿದರು. ಇಂದು ಆ ಹೊಸ ಮಿನಿಗೆ ಹಳೆಯ ಚೆಲುವು ಬೇಕೆಂದು 10 ಇಂಚಿನ ಗಾಲಿ ಹಾಕಬಯಸುವವರು 7.5 ಇಂಚಿನ ಚಿಕ್ಕ ಬ್ರೇಕುಗಳನ್ನೂ ಹಾಕಬೇಕಾಗುತ್ತದೆ. ಇಲ್ಲವಾದರೆ ರಿಮ್ಮು ಕೂಡುವುದೇ ಇಲ್ಲ.

ಫಿಯೆಟ್ಟಿನಲ್ಲಿಯೂ ನೋಡಬೇಕಾದುದು ಇದನ್ನೇ. 13ರ ರಿಮ್ಮಿನ ಒಳಮೈಗೂ ಬ್ರೇಕಿನ ಡ್ರಮ್ಮಿಗೂ ಸ್ಟೇರಿಂಗಿನ ಸಂದುಗಳಿಗೂ ನಡುವೆ ತೆರಪು ಉಳಿಯುವುದೇ ಎಂದು ಜಾಕಿನ ಮೇಲೆತ್ತಿ, ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಗಾಲಿಯನ್ನು ಕೈಯಿಂದ ಸುತ್ತಿಸಿ ಪರೀಕ್ಷಿಸಬೇಕು. ಬೋಲ್ಟಿನ ರಂಧ್ರಗಳ ವೃತ್ತ ಸರಿಸಮನಾಗಿ ಹೊಂದಬೇಕು. ಹೊಂದದಿದ್ದರೆ ರಂಧ್ರಗಳನ್ನು ಉಜ್ಜಿ ಅಗಲ ಮಾಡುವ, ನಡುವೆ ಬಿಲ್ಲೆಗಳನ್ನಿಟ್ಟು ಬಿಗಿಯುವ, ಬೇರೆ ಕಾರಿನ ರಿಮ್ಮನ್ನು ಲೇತಿನಲ್ಲಿ ಕತ್ತರಿಸಿ ಬೆಸುಗೆ ಹಾಕುವ ಕೆಲಸಗಳು ನಡೆಯುವುದುಂಟು. ಈ ಮೂರನ್ನೂ ನಾನು ಖಂಡಿತವಾಗಿ ಬೇಡವೆನ್ನುತ್ತೇನೆ. ಗಾಲಿ ಕಳಚುವುದು ನಿಂತ ಕಾರಿನಲ್ಲಲ್ಲ.

ಭಾರದ ಮಾತು ಇನ್ನೂ ಮುಖ್ಯವಾದುದು, ಆದರೆ ಅದನ್ನು ಕೇಳುವವರೇ ಇಲ್ಲ. ಟೈರಿನ ಅಳತೆಯ ಪಕ್ಕದಲ್ಲಿ ಮತ್ತೊಂದು ಅಂಕಿ ಇರುತ್ತದೆ. 73 ಎಂದಿದ್ದರೆ ಒಂದು ಟೈರು 365 ಕಿಲೊ ಹೊರಬಲ್ಲದು, 79 ಎಂದಿದ್ದರೆ 437 ಕಿಲೊ. 155/65 ಆರ್ 13ರ ಮೇಲೆ ಸಾಮಾನ್ಯವಾಗಿ 73 ಇರುತ್ತದೆ, 155/80ರ ಮೇಲೆ 79. ಪದ್ಮಿನಿಯ ತೂಕ ಸುಮಾರು 900 ಕಿಲೊ. ಏಳು ಜನರೂ ಬುತ್ತಿಯ ಗಂಟುಗಳೂ ಸೇರಿ 480 ಕಿಲೊ ಎನ್ನೋಣ. ಒಟ್ಟು ಭಾರದ ಶೇ. 55 ಹಿಂದಿನ ಅಚ್ಚಿನ ಮೇಲೆ ಬಿದ್ದರೆ ಒಂದೊಂದು ಹಿಂಗಾಲಿಗೆ 380 ಕಿಲೊ ಬರುತ್ತದೆ. ಅಂದು ನಾನು ಮಿತಿಮೀರಿದ ಭಾರ ಹೊತ್ತ ಟೈರುಗಳ ಮೇಲೆ ಹಿರಿಯರನ್ನು ಕೂರಿಸಿ ಹೊರಟಿದ್ದೆ. ಚೇಂಬರು ಒಡೆಯದಿದ್ದರೆ ಇದು ಗೊತ್ತಾಗುತ್ತಲೂ ಇರಲಿಲ್ಲ.

ಉಳಿದವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹಳೆಯ ಬಗೆಯ ಟೈರು ಮತ್ತು ರೇಡಿಯಲ್ ಟೈರನ್ನು ಒಂದೇ ಕಾರಿನಲ್ಲಿ ಬೆರೆಸಕೂಡದು. ಹಳೆಯ ರಿಮ್ಮಿಗೆ ಟ್ಯೂಬು ಬೇಕೇ ಬೇಕು. ಅಂಗಡಿಯಲ್ಲಿ ಬಹುಕಾಲ ಬಿದ್ದಿದ್ದ ಟೈರು ಹೊಸದರಂತೆ ಕಂಡರೂ ರಬ್ಬರು ಮುದಿಯಾಗಿರುತ್ತದೆ. ಗೋಡೆಯ ಮೇಲೆ 2319 ಎಂಬಂತೆ ನಾಲ್ಕಂಕಿ ಇದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದುದು. ಕಾನೂನನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಮು, ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ನವೀಕರಿಸುವಾಗ ಪರೀಕ್ಷೆ ಇರುವುದರಿಂದ, ಗಾಲಿ ಬದಲಿಸುವ ಮುನ್ನವೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಕೊನೆಗೆ ನಾನು ಮಾಡಿದ್ದು: ಅಟ್ಟದ ಮೇಲಿದ್ದ ಹಳೆಯ 14ರ ಉಕ್ಕಿನ ರಿಮ್ಮುಗಳನ್ನು ಇಳಿಸಿ, ಸೊಟ್ಟ ತೆಗೆಸಿ, ಬಣ್ಣ ಹೊಡೆಸಿದೆ. 14 ಇಂಚಿನ ರೇಡಿಯಲ್ ಟೈರುಗಳು ಇಲ್ಲಿಯೂ ಸಿಗುತ್ತವೆ, ಆದರೆ ಅವುಗಳಲ್ಲಿ ಬಹಳಷ್ಟು ಇಂದಿನ ಅಗಲ ರಿಮ್ಮಿಗೆ ಹೊಂದುವಂಥವು; ನನ್ನ ಕಿರಿದಾದ ರಿಮ್ಮಿಗೆ ಕೂಡುವ ಟೈರುಗಳನ್ನು ಹುಬ್ಬಳ್ಳಿಯಿಂದ ಹೇಳಿ ತರಿಸಬೇಕಾಯಿತು. ಮೂರು ವಾರ ಕಾಯ್ದೆ. ಹೊಳೆಯುವ ರಿಮ್ಮುಗಳಿಗೆ ಕೊಟ್ಟ ಹಣ ಹೋಯಿತು. ರಿಮ್ಮು ತುಕ್ಕು ಹಿಡಿದು ಕೆಟ್ಟುಹೋಗಿ 13 ಅನಿವಾರ್ಯವಾದವರು 165/80 ಸಿಕ್ಕರೆ ಅದನ್ನು, ಸಿಗದಿದ್ದರೆ ಮಿತಿ ಮೀರಿದೆಯೆಂಬ ಅರಿವಿಟ್ಟುಕೊಂಡು, ಮೀಟರಿನ ತಪ್ಪನ್ನು ಚೀಟಿಯಲ್ಲಿ ಬರೆದು ಕಣ್ಣೆದುರು ಅಂಟಿಸಿ, 155/80 ಹಾಕಿಕೊಳ್ಳಲಿ. ಆಗ ಐದನೆಯ ಗಾಲಿಯನ್ನೂ ಬದಲಿಸಬೇಕು. ಹಿಂದಿನ ಅಚ್ಚಿನ ಒಂದು ಕಡೆಗೆ 14, ಇನ್ನೊಂದು ಕಡೆಗೆ 13 ಇದ್ದರೆ ನೇರ ದಾರಿಯಲ್ಲಿಯೂ ಡಿಫರೆನ್ಷಿಯಲ್ಲಿನ ಹಲ್ಲುಗಳು ಬಿಡುವಿಲ್ಲದೆ ತೇಯುತ್ತವೆ. ಡಿಕ್ಕಿಯಲ್ಲಿ ಹಳೆಯ ಸ್ಟೆಪ್ನಿಯನ್ನೇ ಉಳಿಸಿಕೊಂಡವರನ್ನು ನಾನು ಇಬ್ಬರನ್ನು ಬಲ್ಲೆ. ಇಬ್ಬರೂ ನಮ್ಮ ಶಾಲೆಯವರೇ.