ಅಲಿಖಿತ ಸಂವಿಧಾನವೂ ಅಧಿವೇಶನ ಸಮಾಪ್ತಿಯೂ

2019ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನಲ್ಲಿ ಸಮಾಜವಿಜ್ಞಾನದ ಅಧ್ಯಾಪಕ ಮಿತ್ರರೊಬ್ಬರು ದಿನಪತ್ರಿಕೆಯನ್ನು ಕೈಯಲ್ಲಿ ಹಿಡಿದು ನನ್ನ ಬಳಿಗೆ ಬಂದರು. "ಪಂಡಿತರೇ, ಬ್ರಿಟನ್ನಿನ ಸಂಸತ್ತನ್ನು ಅಮಾನತಿನಲ್ಲಿಟ್ಟರೆಂದು ಇಲ್ಲಿ ಅಚ್ಚಾಗಿದೆ. ಅಮಾನತಾಗುವವನು ತಪ್ಪು ಮಾಡಿದ ನೌಕರನಲ್ಲವೆ? ಸಂಸತ್ತು ಮಾಡಿದ ತಪ್ಪೇನು?" ಎಂದು ಕೇಳಿದರು. ಶಬ್ದದ ಪ್ರಶ್ನೆಯೆಂದು ಬಗೆದು ಉತ್ತರಿಸಹೊರಟ ನನಗೆ, ಒಂದು ರಾಷ್ಟ್ರದ ರಾಜ್ಯಾಂಗ ವ್ಯವಸ್ಥೆಯೇ ಆ ಶಬ್ದದ ಅರ್ಥನಿರ್ಣಯದಲ್ಲಿ ಸಿಲುಕಿಕೊಂಡಿದೆಯೆಂಬುದು ತಿಳಿಯಲು ಹೆಚ್ಚು ದಿನ ಹಿಡಿಯಲಿಲ್ಲ.

ಸಂಸತ್ತಿನ ವಿರಾಮಗಳು ಮೂರು ಬಗೆ. ಸದನವು ತಾನೇ ತೀರ್ಮಾನಿಸಿ ಕೆಲವು ಗಂಟೆ ಅಥವಾ ಕೆಲವು ದಿನಗಳ ಮಟ್ಟಿಗೆ ನಿಲ್ಲುವುದು ಮುಂದೂಡಿಕೆ. ಸಂಸತ್ತಿನ ಆಯುಸ್ಸನ್ನೇ ಮುಗಿಸಿ ಹೊಸ ಚುನಾವಣೆಗೆ ಹೋಗುವುದು ವಿಸರ್ಜನೆ. ಇವೆರಡರ ನಡುವಣದು ಅಧಿವೇಶನ ಸಮಾಪ್ತಿ. ಇದನ್ನು ಪ್ರಧಾನಮಂತ್ರಿಯ ಸಲಹೆಯಂತೆ ರಾಜ ಅಥವಾ ರಾಣಿ ಘೋಷಿಸುವರು. ಸದನಗಳ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಅದು ಜಾರಿಯಾದೊಡನೆ ಪ್ರಶ್ನೋತ್ತರವಿಲ್ಲ, ಚರ್ಚೆಯಿಲ್ಲ, ಸಮಿತಿಗಳ ಸಭೆಯಿಲ್ಲ. ಪೂರ್ಣಗೊಳ್ಳದ ಮಸೂದೆಗಳು ಬಹುಮಟ್ಟಿಗೆ ಬಿದ್ದುಹೋಗುತ್ತವೆ. ಇತ್ತೀಚಿನ ವಾಡಿಕೆಯಂತೆ ಇದು ನಾಲ್ಕರಿಂದ ಆರು ದಿನಗಳ ವಿಧಿ. ಅನಂತರ ಸಿಂಹಾಸನದ ಭಾಷಣದೊಡನೆ ಹೊಸ ಅಧಿವೇಶನ ತೆರೆಯುತ್ತದೆ. ಆ ವರ್ಷ ಅದು ಐದು ವಾರಗಳಷ್ಟು ದೀರ್ಘವಾಯಿತು. ಎಲ್ಲ ಗೊಂದಲಕ್ಕೂ ಮೂಲವಿದು.

ಹಿನ್ನೆಲೆಯನ್ನು ವಾಚಕರು ಬಲ್ಲರು. 2016ರ ಜೂನ್ 23ರಂದು ನಡೆದ ಜನಮತಗಣನೆಯಲ್ಲಿ ಐರೋಪ್ಯ ಒಕ್ಕೂಟವನ್ನು ಬಿಡಬೇಕೆಂದವರು ಶೇಕಡ 51.9, ಉಳಿಯಬೇಕೆಂದವರು ಶೇಕಡ 48.1. ಬಿಡಬೇಕೆಂದು ಜನ ಹೇಳಿದರು. ಹೇಗೆ ಬಿಡಬೇಕೆಂಬುದನ್ನು ಮತಪತ್ರ ಕೇಳಿರಲಿಲ್ಲ. ಪ್ರಧಾನಿ ಥೆರೆಸಾ ಮೇ ಅವರು ಮಾಡಿಕೊಂಡ ಒಪ್ಪಂದವನ್ನು ಕೆಳಮನೆಯು 2019ರ ಜನವರಿಯಲ್ಲಿ 432ಕ್ಕೆ 202 ಮತಗಳಿಂದ ತಳ್ಳಿಹಾಕಿತು. ಮಾರ್ಚ್ ತಿಂಗಳಿನಲ್ಲಿ ಮತ್ತೆ ಎರಡು ಬಾರಿ ತಳ್ಳಿಹಾಕಿತು. ಅವರ ತರುವಾಯ ಜುಲೈನಲ್ಲಿ ಬೋರಿಸ್ ಜಾನ್ಸನ್ ಅಧಿಕಾರಕ್ಕೆ ಬಂದರು. ಒಕ್ಕೂಟವನ್ನು ತೊರೆಯಲು ಗೊತ್ತಾಗಿದ್ದ ದಿನ ಅಕ್ಟೋಬರ್ 31. ಆಗಸ್ಟ್ 28ರಂದು ಬಾಲ್ಮೋರಲ್ ಅರಮನೆಯಲ್ಲಿದ್ದ ರಾಣಿಯವರಿಂದ ಅಧಿವೇಶನ ಸಮಾಪ್ತಿಯ ಆಜ್ಞೆಯನ್ನು ಪಡೆಯಲಾಯಿತು. ಸೆಪ್ಟೆಂಬರ್ 10ರ ನಸುಕಿನಲ್ಲಿ ಮುಚ್ಚಿದ ಸಂಸತ್ತು ಮತ್ತೆ ತೆರೆಯಬೇಕಾದದ್ದು ಅಕ್ಟೋಬರ್ 14ಕ್ಕೆ. ಹೊಸ ಸರ್ಕಾರದ ಕಾರ್ಯಕ್ರಮವನ್ನು ಸಿದ್ಧಪಡಿಸಲು ಇಷ್ಟು ಕಾಲ ಬೇಕೆಂಬುದು ಸರ್ಕಾರ ಹೇಳಿದ ಕಾರಣ. ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುವ ಉಪಾಯವಿದೆಂದರು ವಿರೋಧಿಗಳು.

ಇದು ನ್ಯಾಯವೇ ಎಂದು ನೋಡಲು ಯಾವ ಗ್ರಂಥವನ್ನು ತೆರೆಯಬೇಕು? ನಮ್ಮ ಸಂವಿಧಾನದಲ್ಲಾದರೆ 85ನೆಯ ವಿಧಿಯುಂಟು. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದೆಂಬ ಕಟ್ಟುಪಾಡು ಅಕ್ಷರರೂಪದಲ್ಲಿದೆ. ಬ್ರಿಟನ್ನಿನಲ್ಲಿ ಅಂತಹ ಒಂದು ಗ್ರಂಥವಿಲ್ಲ. 1215ರ ಮಹಾಸನದು, 1689ರ ಹಕ್ಕುಗಳ ಶಾಸನ, ಬಿಡಿ ಕಾಯಿದೆಗಳು, ನ್ಯಾಯಾಲಯದ ತೀರ್ಪುಗಳು, ಇವೆಲ್ಲಕ್ಕಿಂತ ಹೆಚ್ಚಾಗಿ ಹಿಂದಿನವರ ನಡವಳಿಕೆ, ಇವೇ ಅಲ್ಲಿನ ಸಂವಿಧಾನ. ವ್ಯಾಕರಣ ಓದಿದವರಿಗೆ ಇದು ವಿಚಿತ್ರವಾಗಿ ತೋರಬೇಕಾಗಿಲ್ಲ. ವೈಯಾಕರಣರು ಪ್ರಯೋಗಕ್ಕೆ ಶರಣು ಹೋಗುವವರು. ಕೇಶಿರಾಜನೂ ಪೂರ್ವಕವಿಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡೇ ಸೂತ್ರ ರಚಿಸಿದನು. ಆದರೆ ಹಿಂದೆಂದೂ ಇಲ್ಲದ ಪ್ರಯೋಗವನ್ನು ಒಬ್ಬನು ಮಾಡಿದಾಗ, ಸೂತ್ರವೂ ಬರೆದಿಲ್ಲದಿದ್ದಾಗ, ಅದು ಅಪಶಬ್ದವೆಂದು ಹೇಳುವ ಅಧಿಕಾರ ಯಾರದು? ಅಂದು ಬ್ರಿಟನ್ನಿನ ಮುಂದೆ ನಿಂತ ಪ್ರಶ್ನೆ ಇದಕ್ಕಿಂತ ಬೇರೆಯಲ್ಲ.

ಇಂಗ್ಲೆಂಡಿನ ಉಚ್ಚ ನ್ಯಾಯಾಲಯವು ಇದು ರಾಜಕಾರಣದ ವಿಷಯ, ನಮ್ಮದಲ್ಲವೆಂದಿತು. ಸ್ಕಾಟ್ಲೆಂಡಿನ ಮೇಲ್ಮನವಿ ನ್ಯಾಯಾಧೀಶರು ಕಾನೂನುಬಾಹಿರವೆಂದರು. ಸೆಪ್ಟೆಂಬರ್ 24ರಂದು ಲೇಡಿ ಹೇಲ್ ಅವರ ಅಧ್ಯಕ್ಷತೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ಮಂದಿ ನ್ಯಾಯಾಧೀಶರು ಏಕಮತದಿಂದ ತೀರ್ಪಿತ್ತರು. ಅವರು ಪ್ರಧಾನಿಯ ಉದ್ದೇಶವನ್ನು ಶೋಧಿಸಲಿಲ್ಲ. ಪರಿಣಾಮವನ್ನು ಮಾತ್ರ ನೋಡಿದರು. ರಾಜನಿಗೆ ದೇಶದ ಕಾನೂನು ಕೊಟ್ಟಷ್ಟೇ ವಿಶೇಷಾಧಿಕಾರವೆಂಬುದು 1611ರಲ್ಲಿಯೇ ನಿರ್ಣಯವಾದ ಮಾತು. ಹಾಗಿರುವಲ್ಲಿ ಶಾಸನ ಮಾಡುವ ಮತ್ತು ಸರ್ಕಾರವನ್ನು ಪ್ರಶ್ನಿಸುವ ಸಂಸತ್ತಿನ ಕಾರ್ಯಕ್ಕೆ ಸಕಾರಣವಿಲ್ಲದೆ ಅಡ್ಡಿಯಾಗುವ ಅಧಿವೇಶನ ಸಮಾಪ್ತಿ ಕಾನೂನಿಗೆ ವಿರುದ್ಧವಾದುದು. ಐದು ವಾರ ಏಕೆ ಬೇಕಾಯಿತೆಂಬುದಕ್ಕೆ ತಕ್ಕ ಕಾರಣ ಅವರ ಮುಂದೆ ಬಂದಿರಲಿಲ್ಲ. ಆದುದರಿಂದ ಆ ಆಜ್ಞೆ ಬರಿಯ ಬಿಳಿಯ ಹಾಳೆಗೆ ಸಮಾನವೆಂದೂ ಸಂಸತ್ತು ಮುಚ್ಚಿಯೇ ಇಲ್ಲವೆಂದೂ ಸಾರಿದರು. ಮರುದಿನವೇ ಸದಸ್ಯರು ತಮ್ಮ ಪೀಠಗಳಿಗೆ ಮರಳಿದರು.

ತೀರ್ಪನ್ನು ಕುರಿತು ಅಲ್ಲಿ ನಡೆದ ವಾದವೂ ಗಮನಾರ್ಹವಾದುದು. ಚುನಾಯಿತರಲ್ಲದ ನ್ಯಾಯಾಧೀಶರು ಹಿಂದಿಲ್ಲದ ಸೂತ್ರವನ್ನು ತಾವೇ ಕಟ್ಟಿದರೆಂದೂ, ಜನಮತವನ್ನು ತಡೆಯುತ್ತಿರುವುದು ಸಂಸತ್ತೇ ಎಂದೂ ಒಂದು ಪಕ್ಷ. ಪ್ರಶ್ನೆ ಕೇಳುವ ಮನೆಗೆ ಬೀಗ ಹಾಕುವ ಅಧಿಕಾರಕ್ಕೆ ಮಿತಿಯೇ ಇಲ್ಲದಿದ್ದರೆ ಐದು ವಾರ ಐದು ತಿಂಗಳಾಗುವುದನ್ನು ತಡೆಯುವವರಾರೆಂದು ಇನ್ನೊಂದು ಪಕ್ಷ. ಮೊದಲ ಪಕ್ಷದ ಮಾತನ್ನು ಲಘುವಾಗಿ ತಳ್ಳುವಂತಿಲ್ಲ. ಸೂತ್ರ ಹೊಸದೆಂಬುದು ನಿಜ. ಆದರೂ ಪ್ರಯೋಗವೇ ಹೊಸದಾಗಿದ್ದಾಗ ಸೂತ್ರ ಹಳೆಯದಾಗಿರಬೇಕೆಂದು ಹಟಹಿಡಿಯುವುದು ನನಗೆ ಸರಿಯೆನಿಸದು.

ಈ ಸಂದರ್ಭದಲ್ಲಿ ಕನ್ನಡಿಗರಿಗೆ ನಮ್ಮ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆ ನೆನಪಾಗದಿರದು. 1989ರ ಏಪ್ರಿಲ್‌ನಲ್ಲಿ ಅವರ ಸರ್ಕಾರವನ್ನು ವಜಾಮಾಡಿದ ರಾಷ್ಟ್ರಪತಿಯ ಘೋಷಣೆಯನ್ನು ನ್ಯಾಯಾಲಯ ಪರೀಕ್ಷಿಸಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಪರೀಕ್ಷಿಸಬಹುದೆಂದೂ, ಬಹುಮತದ ನಿರ್ಣಯ ಸದನದಲ್ಲಿಯೇ ಆಗಬೇಕೆಂದೂ 1994ರ ಮಾರ್ಚ್‌ನಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿಯ ಪೀಠವು ಹೇಳಿತು. ಆದರೆ ನಮ್ಮವರ ಮುಂದೆ 356ನೆಯ ವಿಧಿಯ ಲಿಖಿತ ವಾಕ್ಯಗಳಿದ್ದವು. ಅಲ್ಲಿನವರ ಮುಂದೆ ಅಷ್ಟೂ ಇರಲಿಲ್ಲ.

ಇದರಲ್ಲೊಂದು ವಿನೋದವೂ ಉಂಟು. ಮಸೂದೆಗೆ ರಾಜಸಮ್ಮತಿ ದೊರೆತುದನ್ನು ಅಲ್ಲಿ ಇಂದಿಗೂ ನಾರ್ಮನ್ ಫ್ರೆಂಚ್ ಭಾಷೆಯಲ್ಲಿಯೇ ಸಾರುವರು. ಸಂಸತ್ತಿನ ಜೀರ್ಣ ಕಟ್ಟಡದ ದುರಸ್ತಿಗೆ ಸಂಬಂಧಿಸಿದ ಮಸೂದೆಗೆ ಆ ನಸುಕಿನ ವಿಧಿಯಲ್ಲಿಯೇ ಸಮ್ಮತಿ ಸಾರಲಾಗಿತ್ತು. ವಿಧಿಯೇ ನಡೆದಿಲ್ಲವೆಂದ ಮೇಲೆ ಸಮ್ಮತಿಯೂ ಇಲ್ಲವಾಯಿತು; ಅಕ್ಟೋಬರ್ 8ರಂದು ಅದನ್ನು ಎರಡನೆಯ ಬಾರಿ ಸಾರಬೇಕಾಯಿತು.

ಮುಂದಿನದು ಶೀಘ್ರವಾಗಿ ನಡೆಯಿತು. ಡಿಸೆಂಬರ್ 12ರ ಚುನಾವಣೆಯಲ್ಲಿ ಜಾನ್ಸನ್ನರ ಪಕ್ಷವು 365 ಸ್ಥಾನಗಳನ್ನು ಪಡೆಯಿತು. ನ್ಯಾಯಾಲಯದಲ್ಲಿ ಸೋತವರನ್ನು ಮತದಾರರು ಗೆಲ್ಲಿಸಿದರು. 2020ರ ಜನವರಿ 31ರಂದು ಬ್ರಿಟನ್ ಒಕ್ಕೂಟದಿಂದ ಹೊರಬಂದಿತು. 2022ರಲ್ಲಿ ಸಂಸತ್ತು ಹೊಸ ಕಾಯಿದೆಯೊಂದನ್ನು ಮಾಡಿ, ಸಂಸತ್ತನ್ನು ವಿಸರ್ಜಿಸುವ ಅಧಿಕಾರವನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಬಾರದೆಂದು ಅಕ್ಷರಶಃ ಬರೆಯಿತು. ಆ ವಾಕ್ಯದಲ್ಲಿ ಇರುವುದು ವಿಸರ್ಜನೆಯೆಂಬ ಶಬ್ದ. ಅಧಿವೇಶನ ಸಮಾಪ್ತಿಯೆಂಬ ಶಬ್ದವಿಲ್ಲ. ಅಧ್ಯಾಪಕ ಮಿತ್ರರಿಗೆ ಇದನ್ನು ತಿಳಿಸಿದಾಗ, ಮೂರು ವಿರಾಮಗಳ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದುಕೊಡಿರೆಂದು ನನ್ನನ್ನು ತಮ್ಮ ತರಗತಿಗೆ ಕರೆದೊಯ್ದರು.