ಕಂಪನಿ ಮಾಲು, ಲೋಕಲ್ ಮಾಲು

ಅಕ್ಕಲಕೋಟದ ಕಿರಾಣಿ ಅಂಗಡಿಯಲ್ಲಿ ಯಾದಿ ಕೈಗೆ ಕೊಟ್ಟ ಕೂಡಲೇ ಬರುವ ಮಾತು ಒಂದೇ: ‘ಅಕ್ಕಾರ, ಕಂಪನೀದು ಕೊಡ್ಲೋ, ಲೋಕಲ್ ನಡೀತದೋ?’ ಕನ್ನಡ ಶಾಲೆಯ ಮಾಸ್ತರಿಣಿ ನಾನು. ಪಗಾರದ ವಾರ ‘ಕಂಪನೀದು’ ಅಂತ ಹೇಳಿ, ತಿಂಗಳ ಕೊನೆಗೆ ‘ಲೋಕಲ್’ ಅನ್ನುವವರನ್ನು ಬಹಳ ನೋಡಿದ್ದೇನೆ. ಎರಡೂ ಕುರುಡು ಲೆಕ್ಕವೇ. ನಾನು ಪಾಕೀಟಿನ ಬೆನ್ನು ತಿರುಗಿಸಿ ಓದುತ್ತೇನೆ.

ಉಪ್ಪಿಗೆ ಹೆಸರು ನೋಡುವುದೇ ಇಲ್ಲ. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆಂದು ಮಾರಬಾರದು ಎಂಬ ನಿಯಮ 2006ರಿಂದ ಇಡೀ ದೇಶಕ್ಕೆ ಇದೆ. ಯಾವ ಕಂಪನಿಯದಾದರೂ ಅದೇ ಉಪ್ಪು, ಅದೇ ಅಯೋಡಿನ್. ಪಾಕೀಟು ಒಡೆದಿರಬಾರದು, ತೇವ ಹಿಡಿದಿರಬಾರದು, ಅಷ್ಟೇ.

ಸಾಬೂನಿನಲ್ಲಿ ಆಟ ಬೇರೆ. ಹಿಂದೆ ಸಣ್ಣಕ್ಷರದಲ್ಲಿ ‘ಟಿಎಫ್‌ಎಂ’ ಎಂದು ಬರೆದಿರುತ್ತದೆ. ಸಾಬೂನಿನಲ್ಲಿ ಎಣ್ಣೆಯಿಂದ ಬಂದ ಅಸಲು ಸತ್ವ ಎಷ್ಟು ಎಂಬುದರ ಲೆಕ್ಕ ಅದು. ಭಾರತೀಯ ಮಾನಕದ ಪ್ರಕಾರ ಶೇ. 76 ಮತ್ತು ಮೇಲಿದ್ದರೆ ಮೊದಲ ದರ್ಜೆ, 70 ಇದ್ದರೆ ಎರಡನೆಯದು, 60 ಇದ್ದರೆ ಮೂರನೆಯದು. ಅದಕ್ಕೂ ಕೆಳಗಿನದು ‘ಬೇದಿಂಗ್ ಬಾರ್’ ಎಂಬ ಹೆಸರಿನಲ್ಲಿ ಬರುತ್ತದೆ. ಅದಕ್ಕೆ 40 ಇದ್ದರೂ ಸಾಕು. ಸತ್ವ ಕಡಿಮೆಯಾದಷ್ಟೂ ಭರ್ತಿ ಪುಡಿ ಹೆಚ್ಚಿರುವುದುಂಟು: ಅಂಥದ್ದು ಬಚ್ಚಲಲ್ಲಿ ನೆನೆದು ಬೇಗ ಕರಗುತ್ತದೆ, ಚಳಿಗಾಲದಲ್ಲಿ ಮೈ ಬಿರಿಯುತ್ತದೆ. ಟಿವಿಯಲ್ಲಿ ನಟಿ ಮೈಗೆ ತಿಕ್ಕಿಕೊಳ್ಳುವ ಕೆಲವು ದೊಡ್ಡ ಹೆಸರುಗಳೂ ಮೊದಲ ದರ್ಜೆಯವಲ್ಲ. ಆದರೆ ಗೋದ್ರೇಜ್ ನಂ. 1ನಂಥ ಅಗ್ಗದ ಸಾಬೂನು ವರ್ಷಗಟ್ಟಲೆ ಮೊದಲ ದರ್ಜೆಯೆಂದೇ ಹೇಳಿಕೊಂಡು ಮಾರಾಟವಾಗಿದೆ. ನಮ್ಮ ಮೈಸೂರು ಸ್ಯಾಂಡಲ್ ತುಟ್ಟಿ, ಖರೆ. ಅಲ್ಲಿ ರೊಕ್ಕ ಹೋಗುವುದು ಗಂಧದೆಣ್ಣೆಗೆ. ನಮ್ಮತ್ತೆಗೆ ಅದೇ ಬೇಕು, ನಾನು ಬೇಡ ಅನ್ನುವುದಿಲ್ಲ.

ಬಟ್ಟೆ ಪುಡಿಯ ವಿಷಯದಲ್ಲಿ ಲೋಕಲ್ ಮಾಲನ್ನು ಬೈಯುವವರು ನಿರ್ಮಾದ ಕಥೆ ನೆನಪಿಡಬೇಕು. 1969ರಲ್ಲಿ ಕರ್ಸನ್‌ಭಾಯಿ ಪಟೇಲ್ ಅಹಮದಾಬಾದಿನಲ್ಲಿ ಪುಡಿ ತಾನೇ ಕಲೆಸಿ, ಸೈಕಲ್ ಮೇಲೆ ಮನೆಮನೆಗೆ ಮಾರಿದರು. ಆಗ ಅದೂ ಲೋಕಲ್ ಮಾಲೇ. ಕೊನೆಗೆ ಸರ್ಫ್‌ನ ಒಡೆಯರೇ ಅದಕ್ಕೆ ಎದುರಾಗಿ ಅಗ್ಗದ ‘ವ್ಹೀಲ್’ ತರಬೇಕಾಯಿತು. ಹೊಸ ಪುಡಿ ಸಿಕ್ಕರೆ ನಾನು ಮೊದಲು ಸಣ್ಣ ಪಾಕೀಟು ತಂದು ಹಳೆ ಬಟ್ಟೆ ಒಗೆಯುತ್ತೇನೆ. ಕೈ ಉರಿದರೆ ಸೋಡಾ ಜಾಸ್ತಿ ಅಂತ ಬಿಡುತ್ತೇನೆ. ತಯಾರಿಸಿದವರ ಹೆಸರು, ವಿಳಾಸ, ತೂಕ ಇಲ್ಲದ್ದನ್ನು ಮುಟ್ಟುವುದೇ ಇಲ್ಲ. ಇವನ್ನು ಮುದ್ರಿಸಲೇಬೇಕೆಂದು ಕಾಯ್ದೆ ಇದೆ. ಬೆಲೆಯ ಪಕ್ಕದಲ್ಲಿ ಗ್ರಾಮಿಗೋ ಕಿಲೋಗೋ ಎಷ್ಟು ಎಂಬ ದರವೂ ಈಗ ಇರುತ್ತದೆ. ಅದೇ ಹತ್ತು ರೂಪಾಯಿಗೆ ಒಳಗಿನ ಮಾಲು ಕಡಿಮೆ ಮಾಡುವ ಜಾಣತನ ಅಲ್ಲಿ ಸಿಕ್ಕಿಬೀಳುತ್ತದೆ.

ಖುಲ್ಲಾ ಎಣ್ಣೆ, ಖುಲ್ಲಾ ಖಾರಪುಡಿ ಮಾತ್ರ ಎಷ್ಟೇ ಅಗ್ಗವಿರಲಿ, ಬೇಡ. ಕಲಬೆರಕೆ ಕಣ್ಣಿಗೆ ಕಾಣುವುದಿಲ್ಲ. ಮೆಣಸಿನಕಾಯಿ ಆರಿಸಿ ತಂದು ಗಿರಣಿಯಲ್ಲಿ ಎದುರೇ ನಿಂತು ಬೀಸಿಸಿದರೆ ಆಯಿತು. ಶೇಂಗಾ ಚಟ್ನಿಯೂ ಹಾಗೇ: ಒರಳಲ್ಲಿ ಕುಟ್ಟಿ ಎಣ್ಣೆ ಬಿಡಿಸಿದ್ದಕ್ಕೆ ಯಾವ ಹೆಸರೂ ಬೇಕಿಲ್ಲ.

ಚಾದರಿಗೆ ಬಂದರೆ ನನ್ನ ನಿಯಮ ತಿರುಗುತ್ತದೆ. ಇಲ್ಲಿ ಊರೇ ಬ್ರಾಂಡು. ಸೊಲ್ಲಾಪುರದ ಚಾದರಿಗೂ ಟೆರ್ರಿ ಟವೆಲಿಗೂ ಜಿಐ, ಅಂದರೆ ಊರಿನ ಹೆಸರಿಗೆ ಕೊಡುವ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬೇರೆ ಊರಲ್ಲಿ ನೇಯ್ದು ಸೊಲ್ಲಾಪುರಿ ಅನ್ನುವಂತಿಲ್ಲ. ಆದರೂ ಅನ್ನುತ್ತಾರೆ. ನಮ್ಮೂರಿನ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದ ನೆಂಟರು ಚಾದರು ಕೊಡಿಸು ಅಂದಾಗ ನಾನು ನೇಯ್ದವರ ಚೀಟಿ ನೋಡುತ್ತೇನೆ, ಅಂಚಿನಿಂದ ಒಂದೆಳೆ ಕಿತ್ತು ಕಡ್ಡಿ ಗೀರುತ್ತೇನೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಎಳೆ ಕೀಳಲು ಬಿಡದಿದ್ದರೆ ಮುಂದಿನ ಅಂಗಡಿ.