ಒಂದು ಕೇಬಲ್, ಮೂರು ಕವಲು

ಹಳೆಯ ಬೈಕಿನ ಮೆಕ್ಯಾನಿಕ್‌ಗಳನ್ನು ಹೊಗಳುವವರೆಲ್ಲ ಅವರ ಕಿವಿಯನ್ನು ಹೊಗಳುತ್ತಾರೆ. ಯಶವಂತಪುರದಲ್ಲೋ ಆರ್.ಟಿ. ನಗರದಲ್ಲೋ ಗಲ್ಲಿಯೊಂದರಲ್ಲಿ ಕೂತ ಮೇಸ್ತ್ರಿ ಬರೀ ಸದ್ದು ಕೇಳಿ ರೋಗ ಹೇಳಿಬಿಡುತ್ತಾರೆ ಎನ್ನುತ್ತಾರೆ. ಪ್ರೀತಿಯಿಂದ ಆಡುವ ಮಾತೇ ಆದರೂ ಇದರಿಂದ ಆ ಕೆಲಸಕ್ಕೆ ನ್ಯಾಯ ಸಿಕ್ಕಿಲ್ಲ. ಕಿವಿ ಎಂದರೆ ಹುಟ್ಟಿನಿಂದ ಬಂದ ವರ. ಇದ್ದವರಿಗೆ ಇದೆ, ಇಲ್ಲದವರಿಗೆ ಇಲ್ಲ, ಮೇಸ್ತ್ರಿಯ ಜೊತೆಗೇ ಅದೂ ಹೋಗುತ್ತದೆ. ಎರಡು ಕಾರ್ಬುರೇಟರ್‌ಗಳನ್ನು ಸಮ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ವರಕ್ಕಿಂತ ಕ್ರಮವೇ ಹೆಚ್ಚು: ಅಳೆಯುವುದು, ಹೋಲಿಸುವುದು, ಒಂದನ್ನು ಮುಟ್ಟುವಾಗ ಇನ್ನೊಂದನ್ನು ಮುಟ್ಟದಿರುವುದು. ಕ್ರಮವಿದ್ದ ಮೇಲೆ ಕಲಿಸಬಹುದು. ಕಲಿಸಬಹುದಾದ್ದನ್ನು ಕಲಿಸದೆ ಬಿಟ್ಟಿದ್ದೇವೆ ಎಂಬುದೇ ಈ ಲೇಖನದ ತಕರಾರು.

ಈ ವಿದ್ಯೆಯನ್ನು ನಮ್ಮ ಗ್ಯಾರೇಜುಗಳಿಗೆ ತಂದದ್ದು ಕರ್ನಾಟಕದ ಬೈಕಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗಿನ ತನ್ನ ಆಯುಷ್ಯದಲ್ಲಿ ತಯಾರಿಸಿದ ಜಾವಾ, ಯೆಜ್ಡಿ 250ಗಳಿಗೆ ಸೈಲೆನ್ಸರ್ ಎರಡಿದ್ದರೂ ಸಿಲಿಂಡರ್ ಒಂದೇ, ಕಾರ್ಬುರೇಟರೂ ಒಂದೇ. ಬುಲೆಟ್ಟಿಗೂ ಒಂದೇ. ಎರಡರ ಪ್ರಶ್ನೆ ದೊಡ್ಡದಾಗಿ ಎದ್ದದ್ದು 1983ರಲ್ಲಿ, ಎಸ್ಕಾರ್ಟ್ಸ್ ಕಂಪನಿ ಯಮಹಾದ ಆರ್‌ಡಿ 350ಯನ್ನು ರಾಜ್‌ದೂತ್ ಹೆಸರಿನಲ್ಲಿ ತಂದಾಗ. 347 ಸಿಸಿ, ಅಕ್ಕಪಕ್ಕ ಎರಡು ಸಿಲಿಂಡರ್, ಟೂ ಸ್ಟ್ರೋಕ್, ಆರು ಗೇರು. ಹೈ ಟಾರ್ಕ್ ಮಾದರಿಗೆ 30.5 ಅಶ್ವಶಕ್ತಿ, ಲೋ ಟಾರ್ಕ್ ಮಾದರಿಗೆ 27. ಒಂದೊಂದು ಸಿಲಿಂಡರಿಗೂ ಅದರದೇ ಮಿಕುನಿ ಕಾರ್ಬುರೇಟರ್. ಪೆಟ್ರೋಲ್ ಕುಡಿಯುವ ಈ ಗಾಡಿಯ ತಯಾರಿಕೆ ಆ ದಶಕ ಮುಗಿಯುವ ಹೊತ್ತಿಗೆ ನಿಂತಿತು. ಅದರ ಮೇಲಿನ ಮೋಹ ಬೆಳೆದದ್ದು ನಿಂತ ಮೇಲೆಯೇ.

ಈ ಬೈಕಿನ ಮರ್ಮವಿರುವುದು ಅದರ ಎಕ್ಸಲರೇಟರ್ ಕೇಬಲ್ಲಿನಲ್ಲಿ. ಹ್ಯಾಂಡಲ್‌ನಿಂದ ಒಂದಾಗಿ ಹೊರಡುವ ಕೇಬಲ್ ನಡುದಾರಿಯಲ್ಲಿ ಮೂರಾಗಿ ಕವಲೊಡೆಯುತ್ತದೆ. ಒಂದು ಎಡ ಕಾರ್ಬುರೇಟರಿಗೆ, ಇನ್ನೊಂದು ಬಲದ್ದಕ್ಕೆ, ಮೂರನೆಯದು ಪೆಟ್ರೋಲಿನ ಜೊತೆ ಸೇರಬೇಕಾದ ಎಣ್ಣೆಯನ್ನು ಇಂಜಿನ್ನಿಗೆ ಊಡುವ ಆಯಿಲ್ ಪಂಪಿಗೆ. ಕೈ ತಿರುವಿದಾಗ ಎರಡೂ ಕಾರ್ಬುರೇಟರಿನೊಳಗೆ ಗಾಳಿಯ ದಾರಿ ತೆರೆಯುವ ಸ್ಲೈಡುಗಳು ಒಂದೇ ಕ್ಷಣಕ್ಕೆ, ಒಂದೇ ಎತ್ತರಕ್ಕೆ ಏಳಬೇಕು. ಒಂದು ಕವಲು ಅರ್ಧ ಮಿಲಿಮೀಟರ್ ಸಡಿಲವಿದ್ದರೂ ಒಂದು ಸಿಲಿಂಡರ್ ದುಡಿಯುತ್ತದೆ, ಇನ್ನೊಂದು ಅದರ ಹಿಂದೆ ಎಳೆಸಿಕೊಂಡು ಹೋಗುತ್ತದೆ. ಪೂರ್ತಿ ತೆರೆದು ಓಡಿಸುವಾಗ ಈ ಅರ್ಧ ಮಿಲಿಮೀಟರ್ ಗೊತ್ತೇ ಆಗುವುದಿಲ್ಲ. ಸ್ಲೈಡು ಒಂದೆರಡು ಮಿಲಿಮೀಟರ್ ಮಾತ್ರ ಎದ್ದಿರುವಾಗ ಅದೇ ದೊಡ್ಡ ಪಾಲು. ಹೆಬ್ಬಾಳದ ಜಂಕ್ಷನ್ನಿನಲ್ಲಿ ತೆವಳುವ ಹಳೆಯ ಆರ್‌ಡಿ ಜರ್ಕ್ ಹೊಡೆದು, ಮೇಲ್ಸೇತುವೆ ಹತ್ತಿದ ಕೂಡಲೇ ಸರಿಹೋದರೆ ಮೊದಲು ಅನುಮಾನಿಸಬೇಕಾದದ್ದು ಈ ಕವಲುಗಳನ್ನೇ.

ಹಾಗೆಂದು ಮೊದಲೇ ಕಾರ್ಬುರೇಟರಿಗೆ ಕೈ ಹಾಕುವಂತಿಲ್ಲ. ಎರಡು ಸಿಲಿಂಡರಿಗೆ ಎರಡು ಜೊತೆ ಪಾಯಿಂಟುಗಳಿವೆ. ಕಿಡಿ ಎರಡರಲ್ಲೂ ಸರಿಯಾದ ಹೊತ್ತಿಗೆ ಬೀಳದಿದ್ದರೆ ಗಾಳಿ ಸಮ ಮಾಡಿ ಪ್ರಯೋಜನವಿಲ್ಲ. ಕ್ರ್ಯಾಂಕಿನ ಸೀಲು ಗಾಳಿ ಎಳೆಯುತ್ತಿರಬಾರದು, ಕಂಪ್ರೆಷನ್ ಎರಡರಲ್ಲೂ ಹತ್ತಿರ ಹತ್ತಿರ ಇರಬೇಕು. ಆಮೇಲೆ ಇಂಜಿನ್ ಬಿಸಿ ಮಾಡಿ, ಎರಡೂ ಏರ್ ಸ್ಕ್ರೂಗಳನ್ನು ಮೆಲ್ಲಗೆ ಕೊನೆಯವರೆಗೆ ತಿರುಗಿಸಿ, ಅಲ್ಲಿಂದ ಎರಡನ್ನೂ ಒಂದೇ ಲೆಕ್ಕದಲ್ಲಿ ಬಿಚ್ಚಬೇಕು. ಫಿಲ್ಟರ್ ತೆಗೆದು ಸ್ಲೈಡುಗಳ ಕೆಳಗೆ ಒಂದೇ ಅಳತೆಯ ಎರಡು ಡ್ರಿಲ್ ಬಿಟ್ ಇಟ್ಟು ಎತ್ತರ ಹೊಂದಿಸುವವರಿದ್ದಾರೆ, ಬೆರಳಿಟ್ಟು ನೋಡುವವರೂ ಇದ್ದಾರೆ. ನಂತರ ಒಂದು ಪ್ಲಗ್ಗಿನ ವೈರ್ ತೆಗೆದು, ಕಾಯಿಲ್ ಸುಡದಂತೆ ಅದಕ್ಕೆ ಬೇರೆ ಪ್ಲಗ್ ಸಿಕ್ಕಿಸಿ ಇಂಜಿನ್ನಿಗೆ ತಾಗಿಸಿ, ಒಂದೇ ಸಿಲಿಂಡರಿನಲ್ಲಿ ಇಂಜಿನ್ ಓಡಿಸುತ್ತಾರೆ, ಆಮೇಲೆ ಅದಲುಬದಲು. ಎರಡೂ ಸರದಿಯಲ್ಲಿ ವೇಗ ಒಂದೇ ಆಗುವವರೆಗೆ ಸ್ಕ್ರೂ ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ. ಎರಡು ಅಂಗೈಗಳನ್ನು ಎರಡು ಸೈಲೆನ್ಸರಿನ ಬಾಯಿಗೆ ಹಿಡಿದರೆ ಹೊಗೆಯ ಬಡಿತ ಸಮವೇ ಎಂದು ತಿಳಿಯುತ್ತದೆ. ಕೊನೆಗೆ ಆಯಿಲ್ ಪಂಪಿನ ರಾಟೆಯ ಗುರುತು. ಕಾರ್ಬುರೇಟರ್ ಸಮವಾಗುವ ಮುನ್ನ ಪಂಪ್ ಹೊಂದಿಸಿದರೆ ಎಣ್ಣೆ ಕಡಿಮೆಯಾಗಿ ಪಿಸ್ಟನ್ ಜಾಮ್ ಆಗಬಹುದು, ಇಲ್ಲವೇ ಹೆಚ್ಚಾಗಿ ಗಾಡಿ ಹೊಗೆಯುಗುಳಬಹುದು. ಇಷ್ಟರಲ್ಲಿ ಕಿವಿಗೆ ಕೆಲಸವಿದೆ, ನಿಜ. ಆದರೆ ಅದು ಕೈ, ಕಣ್ಣು, ಅಳತೆಗಳ ನಡುವೆ ಒಂದು ಸಾಕ್ಷಿ ಮಾತ್ರ.

ಊರೂ ಈ ಲೆಕ್ಕದಲ್ಲಿ ಸೇರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿಯ ಗಾಳಿ ಕರಾವಳಿಯದಕ್ಕಿಂತ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ತೆಳು. ಇಲ್ಲಿಗೆ ಹೊಂದಿಸಿದ ಗಾಡಿ ಮಂಗಳೂರಿಗೆ ಇಳಿದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದೆ ಬಿಸಿಯೇರುತ್ತದೆ. ಯಲಹಂಕದಿಂದ ಹೊರಟು 1,478 ಮೀಟರ್ ಎತ್ತರದ ನಂದಿಬೆಟ್ಟ ಹತ್ತಿದರೆ ಇದಕ್ಕೆ ತಿರುಗುಮುರುಗು. ಭಾನುವಾರ ಬೆಳಿಗ್ಗೆ ಬಳ್ಳಾರಿ ರಸ್ತೆ ಹಿಡಿಯುವ ಹಳೆಯ ಬೈಕುಗಳಿಗೆ ಆ ಬೆಟ್ಟವೇ ಪರೀಕ್ಷೆ. ಇಳಿದು ಬಂದು ಪ್ಲಗ್ ಬಿಚ್ಚಿದರೆ ಎರಡೂ ಕಂದು ಬಣ್ಣಕ್ಕಿರಬೇಕು. ಒಂದು ಬೂದಿಯಂತೆ ಬೆಳ್ಳಗೆ, ಇನ್ನೊಂದು ಮಸಿಯಂತೆ ಕಪ್ಪಗೆ ಕಂಡರೆ ಮತ್ತೆ ಮೊದಲಿನಿಂದ. ಈಗ ಬಂಕುಗಳಲ್ಲಿ ಸಿಗುವ ಶೇ 20ರ ಎಥನಾಲ್ ಬೆರೆತ ಪೆಟ್ರೋಲ್ ಮಿಶ್ರಣವನ್ನು ಇನ್ನಷ್ಟು ತೆಳುವಾಗಿಸುತ್ತದೆ, ಹಳೆಯ ರಬ್ಬರನ್ನೂ ತಿನ್ನುತ್ತದೆ. ಹಳೆಯ ಪುಸ್ತಕದ ಅಂಕಿಗಳನ್ನು ಕುರುಡಾಗಿ ನಂಬುವ ಕಾಲ ಮುಗಿಯಿತು. ಏಕೆ ಹಾಗೆ ಮಾಡುತ್ತೇವೆ ಎಂದು ತಿಳಿದವರಷ್ಟೇ ಈಗ ಹೊಂದಿಸಬಲ್ಲರು.

ಗೇಜು, ಕಂಪ್ಯೂಟರ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ವ್ಯಾಕ್ಯೂಮ್ ಗೇಜು ಒಳ್ಳೆಯದೇ, ಫೋರ್ ಸ್ಟ್ರೋಕ್ ಇಂಜಿನ್ನುಗಳಿಗೆ ಅದೇ ಸರಿ. ಆದರೆ ಅದು ವ್ಯತ್ಯಾಸ ತೋರಿಸುತ್ತದೆ, ಕಾರಣ ಹೇಳುವುದಿಲ್ಲ. ಕೇಬಲ್ಲೋ, ಸೀಲೋ, ಪಾಯಿಂಟೋ ಎಂದು ಹುಡುಕುವುದು ಮನುಷ್ಯನೇ. ಫ್ಯೂಯಲ್ ಇಂಜೆಕ್ಷನ್ ಬಂದ ಮೇಲೂ ಎರಡು ಥ್ರಾಟಲ್ ಬಾಡಿಗಳಿರುವ ಇಂಜಿನ್ನಿಗೆ ಎರಡು ಕಡೆಯ ಗಾಳಿ ಸಮವಿರಲೇಬೇಕು. ಹೋಲಿಸುವ ಬುದ್ಧಿ ಅಲ್ಲೂ ಬೇಕು. ಟೂ ಸ್ಟ್ರೋಕ್ ಮಾಲಿನ್ಯಕಾರಿ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಸುಡದ ಪೆಟ್ರೋಲ್ ಅದರ ಸೈಲೆನ್ಸರಿನಿಂದ ಹೊರಬೀಳುವುದು ರಚನೆಯ ದೋಷ, ಯಾವ ಟ್ಯೂನಿಂಗೂ ಅದನ್ನು ಪೂರ್ತಿ ನೀಗಿಸದು. ಮತ್ತೆ ತಯಾರಿಸಿ ಎಂದು ಯಾರೂ ಕೇಳುತ್ತಿಲ್ಲ. ಉಳಿದಿರುವ ಕೆಲವು ಓಡುವಷ್ಟು ಕಾಲ ಕಡಿಮೆ ಹೊಗೆಯಲ್ಲಿ ಓಡಲಿ ಎಂದರೆ ಈ ವಿದ್ಯೆ ತಿಳಿದ ಕೈಗಳು ಬೇಕು.

ಇದು ಉಳಿಯಲು ಉತ್ತರ ಬೆಂಗಳೂರಿಗಿಂತ ಒಳ್ಳೆಯ ನೆಲ ಸಿಗಲಾರದು. ಜಾಲಹಳ್ಳಿಯಲ್ಲಿ ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಶುರುವಾದವು. ಪಕ್ಕದ ಪೀಣ್ಯದ ಲೇತುಗಳು ಇಂದಿಗೂ ತಿರುಗುತ್ತಿವೆ. ಮೈಕ್ರೋಮೀಟರ್ ಹಿಡಿಯುವುದನ್ನು ಒಂದು ಘನತೆಯ ಕೆಲಸವೆಂದು ಕಂಡ ಬೀದಿಗಳಿವು. ಇಲ್ಲಿಯ ಐಟಿಐಗಳಲ್ಲಿ ಒಂದು ಹಳೆಯ ಎರಡು ಸಿಲಿಂಡರಿನ ಇಂಜಿನ್ ಸ್ಟ್ಯಾಂಡಿನ ಮೇಲಿದ್ದು, ವಾರಕ್ಕೊಮ್ಮೆ ಹಿರಿಯ ಮೇಸ್ತ್ರಿಯೊಬ್ಬರು ಗೌರವಧನ ಪಡೆದು ಹುಡುಗ ಹುಡುಗಿಯರ ಕೈಗೆ ಸ್ಕ್ರೂಡ್ರೈವರ್ ಕೊಟ್ಟರೆ ಸಾಕು. ಖರ್ಚು ದೊಡ್ಡದಲ್ಲ. 2021ರ ಕೇಂದ್ರದ ನಿಯಮದಂತೆ ಐವತ್ತು ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ಎಂಬ ಮನ್ನಣೆ ಸಿಗುತ್ತದೆ. ಮೊದಲ ರಾಜ್‌ದೂತ್ 350ಗಳು ಆ ಸಾಲಿಗೆ ಸೇರುವುದು 2033ರಲ್ಲಿ. 1983ರಲ್ಲಿ ಇಪ್ಪತ್ತರ ಹುಡುಗರಾಗಿ ಈ ಕೇಬಲ್ಲನ್ನು ಮೊದಲು ಕೈಗೆತ್ತಿಕೊಂಡವರಿಗೆ ಆಗ ಎಪ್ಪತ್ತಾಗಿರುತ್ತದೆ.